ವಿದ್ಯುತ್ಕೋಶದ ಉಪಕರಣಗಳಲ್ಲಿ ಸಮಕಾಲಿಕ ಇಳಿಕೆ ಪರಿವರ್ತಕ

ಮೊಬೈಲ್ ದೂರವಾಣಿ, ಕೈಯಲ್ಲಿ ಕೊಂಡೊಯ್ಯಬಹುದಾದ ವೈದ್ಯಕೀಯ ಮಾಪಕ ಮುಂತಾದ ಉಪಕರಣಗಳಿಗೆ ಶಕ್ತಿಯನ್ನೊದಗಿಸುವ ಲೀಥಿಯಂ-ಅಯಾನ್ ಕೋಶದ ವೋಲ್ಟೇಜು ಸ್ಥಿರವಾದುದಲ್ಲ. ಪೂರ್ಣವಾಗಿ ಚಾರ್ಜಾದಾಗ ಅದು ಸುಮಾರು 4.2 ವೋಲ್ಟ್ ಇದ್ದು, ಬಳಕೆಯಾದಂತೆಲ್ಲ 3 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಒಳಗಿನ ಪ್ರೊಸೆಸರಿಗೆ ಬೇಕಾದುದಾದರೋ 1.2 ವೋಲ್ಟಿನಂತಹ ಅಲ್ಪವಾದ, ಆದರೆ ಏರುಪೇರಿಲ್ಲದ ವೋಲ್ಟೇಜು. ಈ ಇಳಿಕೆಯನ್ನು ಸಾಧಿಸುವ ಬಗೆಯನ್ನು ಅವಲಂಬಿಸಿ ಉಪಕರಣವು ನಡೆಯುವ ಗಂಟೆಗಳು ಹೆಚ್ಚು ಅಥವಾ ಕಡಿಮೆಯಾಗುತ್ತವೆ.

ಅತ್ಯಂತ ಸರಳವಾದುದು ರೇಖೀಯ ನಿಯಂತ್ರಕ. ಇದು ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆದುಬಿಡುತ್ತದೆ. ಕೋಶದ ವೋಲ್ಟೇಜು ಸರಾಸರಿ 3.7 ಎಂದೂ, 1.2 ವೋಲ್ಟಿನಲ್ಲಿ 1 ಆಂಪಿಯರ್ ವಿದ್ಯುತ್ ಬೇಕೆಂದೂ ಭಾವಿಸೋಣ. 1.2 ವ್ಯಾಟ್ ಕೆಲಸಕ್ಕಾಗಿ 2.5 ವ್ಯಾಟ್ ವ್ಯರ್ಥವಾಗುತ್ತದೆ; ಒಂದು ಕೊಡ ನೀರು ತರಲು ಎರಡು ಕೊಡ ಚೆಲ್ಲಿದಂತೆ. 2 ಆಂಪಿಯರ್-ಗಂಟೆ ಸಾಮರ್ಥ್ಯದ ಕೋಶವು ಎರಡೇ ಗಂಟೆಗಳಲ್ಲಿ ಬರಿದಾಗುತ್ತದೆ.

ಇಳಿಕೆ ಪರಿವರ್ತಕದ ಮಾರ್ಗವೇ ಬೇರೆ. ಇದರಲ್ಲಿ ಸ್ವಿಚ್ಚಿನಂತೆ ವರ್ತಿಸುವ ಟ್ರಾನ್ಸಿಸ್ಟರೊಂದು ಕೋಶವನ್ನು ತಂತಿಸುರುಳಿಗೆ ಜೋಡಿಸುತ್ತದೆ. ಸುರುಳಿಯ ಕಾಂತಕ್ಷೇತ್ರದಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಸ್ವಿಚ್ಚು ಕಡಿದೊಡನೆ ಸುರುಳಿಯ ಪ್ರವಾಹ ತಟ್ಟನೆ ನಿಲ್ಲಲಾರದು. ಡಯೋಡಿನ ಮೂಲಕ ದಾರಿ ಮಾಡಿಕೊಂಡು ಹರಿಯುತ್ತಲೇ ಇರುತ್ತದೆ. ಸೆಕೆಂಡಿಗೆ ಲಕ್ಷಾಂತರ ಬಾರಿ ಹೀಗೆ ನಡೆಯುವಾಗ ಉಳಿಯುವ ಏರಿಳಿತವನ್ನು ಕೆಪಾಸಿಟರು ಸಮಗೊಳಿಸುತ್ತದೆ. ಪ್ರತಿ ಆವರ್ತದಲ್ಲಿ ಸ್ವಿಚ್ಚು ಜೋಡಿಸಿರುವ ಕಾಲ ಶೇಕಡಾ 32ರಷ್ಟಿದ್ದರೆ 3.7 ವೋಲ್ಟು 1.2 ಆಗುತ್ತದೆ. ಕೋಶವು 3 ವೋಲ್ಟಿಗೆ ಕುಸಿದಾಗ ನಿಯಂತ್ರಣ ಮಂಡಲವು ಆ ಕಾಲವನ್ನು ಶೇಕಡಾ 40ಕ್ಕೆ ಹಿಗ್ಗಿಸುತ್ತದೆ.

ತೊಡಕಿರುವುದು ಡಯೋಡಿನಲ್ಲಿ. ಉತ್ತಮ ಶಾಟ್ಕಿ ಡಯೋಡು ಸಹ ಸುಮಾರು 0.4 ವೋಲ್ಟನ್ನು ತಾನೇ ನುಂಗುತ್ತದೆ. 12 ವೋಲ್ಟಿನ ಮುಂದೆ ಇದು ಗಣನೆಗೆ ಬಾರದು, 1.2 ವೋಲ್ಟಿನ ಮುಂದೆ ಮೂರನೆಯ ಒಂದು ಪಾಲು! ಆದುದರಿಂದ ಡಯೋಡಿನ ಸ್ಥಾನದಲ್ಲಿ ಎರಡನೆಯ ಟ್ರಾನ್ಸಿಸ್ಟರನ್ನು ಇಡಲಾಗುತ್ತದೆ. ಅದರ ರೋಧ 50 ಮಿಲಿಓಮ್ ಇದ್ದರೆ 1 ಆಂಪಿಯರಿಗೆ ಕಳೆದುಹೋಗುವುದು 0.05 ವೋಲ್ಟ್ ಮಾತ್ರ. ಇತರ ನಷ್ಟಗಳನ್ನು ಬದಿಗಿರಿಸಿದರೆ, ಮೇಲೆ ಹೇಳಿದ ಕೋಶವು ಡಯೋಡಿನೊಡನೆ ಐದು ಗಂಟೆ, ಟ್ರಾನ್ಸಿಸ್ಟರಿನೊಡನೆ ಆರು ಗಂಟೆ ನಡೆಯುತ್ತದೆ.

'ಸಮಕಾಲಿಕ' ಎಂಬ ಪಾರಿಭಾಷಿಕ ಪದವು ಇಲ್ಲಿ ಕೊಂಚ ದಾರಿತಪ್ಪಿಸುವಂತಹುದು. ಎರಡು ಟ್ರಾನ್ಸಿಸ್ಟರುಗಳೂ ಏಕಕಾಲದಲ್ಲಿ ವಹಿಸುತ್ತವೆಂದು ಇದರ ಅರ್ಥವಲ್ಲ. ತಾಳ ತಪ್ಪದೆ ಸರದಿಯಂತೆ ವಹಿಸುತ್ತವೆ ಎಂದು ತಿಳಿಯತಕ್ಕದ್ದು. ಎರಡೂ ಒಟ್ಟಿಗೆ ವಹಿಸಿದರೆ ಕೋಶದ ಎರಡು ತುದಿಗಳು ನೇರವಾಗಿ ಕೂಡಿಕೊಂಡು, ಪರಿವರ್ತಕವು ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು. ಇದನ್ನು ತಪ್ಪಿಸಲು ಒಂದು ನಿಂತು ಇನ್ನೊಂದು ಆರಂಭವಾಗುವ ನಡುವೆ ಕೆಲವು ಹತ್ತು ನ್ಯಾನೊಸೆಕೆಂಡುಗಳ ವಿರಾಮವನ್ನು ಇಡುತ್ತಾರೆ. ಆ ವಿರಾಮದಲ್ಲಿ ಟ್ರಾನ್ಸಿಸ್ಟರಿನ ರಚನೆಯಲ್ಲಿಯೇ ಅಡಗಿರುವ ಡಯೋಡು ಪ್ರವಾಹವನ್ನು ಹೊರುತ್ತದೆ; ಅದು ಹೆಚ್ಚು ನುಂಗುವುದರಿಂದ ವಿರಾಮವು ದೀರ್ಘವಾಗಲೂ ಬಾರದು.

ಡಯೋಡಿಗಿದ್ದ ಒಂದು ಸದ್ಗುಣ ಟ್ರಾನ್ಸಿಸ್ಟರಿಗಿಲ್ಲ. ಡಯೋಡು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಟ್ರಾನ್ಸಿಸ್ಟರು ಎರಡೂ ದಿಕ್ಕಿಗೆ ಬಿಡುತ್ತದೆ. ಉಪಕರಣವು ನಿದ್ರಾಸ್ಥಿತಿಯಲ್ಲಿದ್ದು ಬಳಕೆ ಅತ್ಯಲ್ಪವಾದಾಗ ಸುರುಳಿಯ ಪ್ರವಾಹ ಶೂನ್ಯಕ್ಕಿಳಿದು ಹಿಮ್ಮೊಗವಾಗುತ್ತದೆ. ಕೆಪಾಸಿಟರಿನಲ್ಲಿ ತುಂಬಿಟ್ಟುದನ್ನೇ ಹಿಂದಕ್ಕೆಳೆಯುತ್ತದೆ. ಇದಕ್ಕೆಂದೇ ಈಗಿನ ಅನೇಕ ಪರಿವರ್ತಕಗಳು ಪ್ರವಾಹ ಶೂನ್ಯವಾದ ಕ್ಷಣವನ್ನು ಗುರುತಿಸಿ ಎರಡನೆಯ ಟ್ರಾನ್ಸಿಸ್ಟರನ್ನು ಕಡಿಯುತ್ತವೆ. ಅಗತ್ಯವಿಲ್ಲದ ಆವರ್ತಗಳನ್ನು ಬಿಟ್ಟುಬಿಡುತ್ತವೆ. ದಿನದ ಬಹುಪಾಲು ಜೇಬಿನಲ್ಲಿ ನಿದ್ರಿಸುವ ದೂರವಾಣಿಯಲ್ಲಿ ಈ ಏರ್ಪಾಡು ಇಲ್ಲದಿದ್ದರೆ, ಹಗಲು ಉಳಿಸಿದ ಆ ಒಂದು ಗಂಟೆಯ ಶಕ್ತಿ ಯಾರೂ ಬಳಸದಿರುವಾಗಲೇ ಸೋರಿಹೋಗಬಲ್ಲದು.