ಅಲ್ಪ ನಡಿಗೆ ಮತ್ತು ರಕ್ತದ ಸಕ್ಕರೆ

ವ್ಯಾಯಾಮವೆಂದರೆ ಮುಂಜಾನೆ ಒಂದು ಗಂಟೆಯ ಕಾಲ ಬೆವರು ಸುರಿಸುವುದು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಅಂಗಡಿಯ ಗಾದಿಯ ಮೇಲೆ, ಕಛೇರಿಯ ಮೇಜಿನ ಮುಂದೆ ದಿನವಿಡೀ ಕುಳಿತು ದುಡಿಯುವವರಿಗೆ ಅಷ್ಟು ಬಿಡುವು ದೊರೆಯುವುದು ಕಷ್ಟ. ಬಿಡುವಿಲ್ಲವೆಂದು ಅವರು ವ್ಯಾಯಾಮವನ್ನೇ ಕೈಬಿಡುತ್ತಾರೆ. ಆದರೆ ಎರಡು ನಿಮಿಷದ ಅಥವಾ ಹತ್ತು ನಿಮಿಷದ ನಡಿಗೆಯೂ ಸಕಾಲದಲ್ಲಿ ನಡೆದರೆ ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲದೆಂದು ಪ್ರಯೋಗಗಳಿಂದ ತಿಳಿದುಬಂದಿದೆ.

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಹಸಿದಿರುವಾಗ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸ್ 4ರಿಂದ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು ಮಾತ್ರ. ಅನ್ನದ ಅಥವಾ ರೊಟ್ಟಿಯ ಒಂದು ಊಟದಿಂದ ಅದರ ಹತ್ತು ಪಟ್ಟಿಗೂ ಮಿಗಿಲಾದ ಗ್ಲೂಕೋಸ್ ಕೆಲವೇ ಗಂಟೆಗಳಲ್ಲಿ ರಕ್ತವನ್ನು ಸೇರಬಹುದು. ಇದನ್ನು ಹೀರಿಕೊಳ್ಳುವ ಮುಖ್ಯ ಅಂಗಗಳು ಯಕೃತ್ತು ಮತ್ತು ಸ್ನಾಯುಗಳು. ಮೇದೋಜೀರಕ ಗ್ರಂಥಿಯಿಂದ ಸ್ರವಿಸುವ ಇನ್ಸುಲಿನ್ ಬಂದೊಡನೆ ಸ್ನಾಯುಕೋಶದೊಳಗಿನ ವಾಹಕಗಳು ಹೊರಪೊರೆಗೆ ಬಂದು ಗ್ಲೂಕೋಸನ್ನು ಒಳಗೆ ಸಾಗಿಸುತ್ತವೆ. ಸದಾ ಕುಳಿತಿರುವ ದೇಹದಲ್ಲಿ ಸ್ನಾಯುಗಳು ಇನ್ಸುಲಿನ್ನಿನ ಕರೆಗೆ ಮಂದವಾಗಿ ಓಗೊಡುತ್ತವೆ. ಸಕ್ಕರೆಯು ರಕ್ತದಲ್ಲಿಯೇ ಹೆಚ್ಚು ಹೊತ್ತು ಉಳಿಯುತ್ತದೆ. ಆದರೆ ಸ್ನಾಯುವು ಸಂಕೋಚಗೊಂಡಾಗ ಅದೇ ವಾಹಕಗಳು ಇನ್ಸುಲಿನ್ನಿನ ನೆರವಿಲ್ಲದೆಯೂ ಹೊರಪೊರೆಗೆ ಬರುತ್ತವೆ. ಮಧುಮೇಹಿಗಳಲ್ಲಿಯೂ ಈ ಎರಡನೆಯ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ. ಅಲ್ಪ ನಡಿಗೆಯಿಂದಲೂ ಫಲ ದೊರೆಯುವುದರ ರಹಸ್ಯವಿದು.

ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಬೇಕರ್ ಸಂಸ್ಥೆಯ ಸಂಶೋಧಕರು 2012ರಲ್ಲಿ ಇಂತಹ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 45ರಿಂದ 65 ವರ್ಷದ, ತೂಕ ಹೆಚ್ಚಿದ್ದ 19 ಮಂದಿಗೆ ಗ್ಲೂಕೋಸ್ ಮತ್ತು ಕೊಬ್ಬು ಬೆರೆಸಿದ ಪಾನೀಯವನ್ನು ಕೊಟ್ಟು 5 ಗಂಟೆಗಳ ಕಾಲ ಪರೀಕ್ಷಿಸಲಾಯಿತು. ಒಂದು ದಿನ ಅವರು ಕುಳಿತೇ ಇದ್ದರು; ಬೇರೆ ದಿನಗಳಲ್ಲಿ ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಡೆದರು. ನಿಧಾನವಾಗಿ ನಡೆದ ದಿನ ಪಾನೀಯದ ನಂತರದ ಸಕ್ಕರೆಯ ಏರಿಕೆಯು ಒಟ್ಟಾರೆ ಶೇಕಡ 24ರಷ್ಟು, ಬಿರುಸಾಗಿ ನಡೆದ ದಿನ ಸುಮಾರು ಶೇಕಡ 30ರಷ್ಟು ಕಡಿಮೆಯಾಗಿತ್ತು. ನಡಿಗೆ ನಿಧಾನವಾಗಿದ್ದರೂ ಲಾಭದ ಬಹುಪಾಲು ದೊರೆತದ್ದು ಇಲ್ಲಿ ಗಮನಾರ್ಹ.

ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾನಿಲಯದ 2016ರ ಅಧ್ಯಯನವು ಕಾಲದ ಮಹತ್ವವನ್ನು ತೋರಿಸಿತು. ಎರಡನೆಯ ಬಗೆಯ ಮಧುಮೇಹವಿದ್ದ 41 ಮಂದಿ ಎರಡು ವಾರ ದಿನದ ಯಾವುದಾದರೊಂದು ವೇಳೆಯಲ್ಲಿ 30 ನಿಮಿಷ ನಡೆದರು. ಮತ್ತೆರಡು ವಾರ ಮೂರು ಹೊತ್ತಿನ ಊಟದ ನಂತರವೂ ಹತ್ತು ಹತ್ತು ನಿಮಿಷ ನಡೆದರು. ನಡಿಗೆಯ ಒಟ್ಟು ಕಾಲ ಒಂದೇ ಆಗಿದ್ದರೂ ಎರಡನೆಯ ಕ್ರಮದಲ್ಲಿ ಊಟದ ನಂತರದ ಸಕ್ಕರೆ ಶೇಕಡ 12ರಷ್ಟು ಕಡಿಮೆಯಿತ್ತು. ಸಂಜೆಯ ಊಟದ ನಂತರ ಈ ಅಂತರ ಶೇಕಡ 22ರಷ್ಟಾಗಿತ್ತು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ಮಲಗುವ ಮುನ್ನ ಹತ್ತು ನಿಮಿಷ ನಡೆಯಲು ಸಮಯದ ಕೊರತೆಯಿರುವುದಿಲ್ಲ.

ಇಷ್ಟಾದರೂ ಮಿತಿಗಳನ್ನು ಮರೆಯಲಾಗದು. ಈ ಪ್ರಯೋಗಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಚಿಕ್ಕದು. ಅವಧಿಯೂ ಕೆಲವು ಗಂಟೆಗಳದು ಅಥವಾ ವಾರಗಳದು. ಅಲ್ಪ ನಡಿಗೆಯು ಔಷಧಕ್ಕೆ ಬದಲಿಯಲ್ಲ. ದೇಹಬಲವನ್ನು ಬೆಳೆಸುವ ದೀರ್ಘ ವ್ಯಾಯಾಮಕ್ಕೂ ಬದಲಿಯಲ್ಲ.

ಉಪವಾಸ ಮಾಡುವ ಮಧುಮೇಹಿಗಳು ವಿಶೇಷ ಎಚ್ಚರ ವಹಿಸತಕ್ಕದ್ದು. ಇನ್ಸುಲಿನ್ ಚುಚ್ಚುಮದ್ದನ್ನಾಗಲಿ, ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವ ಗುಳಿಗೆಗಳನ್ನಾಗಲಿ ತೆಗೆದುಕೊಳ್ಳುವವರು ಆಹಾರವಿಲ್ಲದೆ ನಡೆದರೆ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲಿಡುವಿಕೆ, ಮನಸ್ಸಿನ ಗೊಂದಲ ಇದರ ಲಕ್ಷಣಗಳು. 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಉಪವಾಸವನ್ನು ಅಲ್ಲಿಗೇ ನಿಲ್ಲಿಸಿ ಸಕ್ಕರೆಯ ನೀರನ್ನು ಕುಡಿಯಬೇಕು. ಇಂತಹವರು ಉಪವಾಸ ಕೈಗೊಳ್ಳುವ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಗೊತ್ತುಪಡಿಸಿಕೊಳ್ಳುವುದು ಅವಶ್ಯ.

ಉಳಿದವರು ಆಚರಿಸಬೇಕಾದ ಕ್ರಮ ಸರಳವಾಗಿದೆ. ಪ್ರತಿ ಊಟದ ನಂತರ ಹತ್ತು ನಿಮಿಷ ನಡೆಯಬೇಕು; ಕುಳಿತು ಮಾಡುವ ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆಯಾದರೂ ಎದ್ದು ಒಂದೆರಡು ನಿಮಿಷ ಓಡಾಡಬೇಕು. ಇದಕ್ಕೆ ಮೈದಾನ ಬೇಕಿಲ್ಲ. ಮನೆಯ ಅಂಗಳ ಅಥವಾ ಪಡಸಾಲೆಯೇ ಸಾಕು.