ವಿದ್ಯುತ್ ಗಿಟಾರೂ ಏಳನೆಯ ತರಗತಿಯ ಅಯಸ್ಕಾಂತವೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಅರ್ಹರಿದ್ದಾರೆ, ನಾನು ಒಂದು ಪಾಠವನ್ನು ಬರೆದುಕೊಡುತ್ತೇನೆ ಎಂದೆ. ಮೂರು ದಶಕಗಳಿಗೂ ಮಿಕ್ಕಿ ಸೀಮೆಸುಣ್ಣ ಹಿಡಿದವನಿಗೆ ಬೇರೇನು ಬಂದೀತು? ಆದರೆ ಇದು ನಾನು ಕಲಿಸಿದ ಪಾಠವಲ್ಲ. ನಿವೃತ್ತನಾಗಿ ಇಪ್ಪತ್ತು ವರ್ಷಗಳಾದ ಮೇಲೆ, ನನ್ನದೇ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಕಲಿತದ್ದು. ವಿಷಯವನ್ನು ಹೇಳಿದರೆ ಹಲವರಿಗೆ ನಗು ಬಂದೀತು: ಅಗ್ಗದ ವಿದ್ಯುತ್ ಗಿಟಾರನ್ನು ನುಡಿಸಲು ಯೋಗ್ಯವಾಗುವಂತೆ ಸರಿಪಡಿಸುವ ಬಗೆ.

ನನ್ನ ಮಗಳ ಮಗಳು ಪ್ಲಸ್ ಟು ಓದುತ್ತಿದ್ದಾಳೆ. ಸಹಪಾಠಿಯೊಬ್ಬಳ ಅಣ್ಣನಿಂದ ನಾಲ್ಕು ಸಾವಿರ ರೂಪಾಯಿಗೆ ಬಳಸಿದ ಗಿಟಾರೊಂದನ್ನು ಕೊಂಡು ತಂದಳು. ಎರಡು ದಿನ ಮನೆಯಲ್ಲಿ ಸಂಭ್ರಮ, ಮೂರನೆಯ ದಿನದಿಂದ ಅಳು. ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿಯುತ್ತಿತ್ತು. ಆಂಪ್ಲಿಫಯರಿಗೆ ಜೋಡಿಸಿದೊಡನೆ ಜೇನುಗೂಡಿಗೆ ಕಲ್ಲೆಸೆದಂತೆ ಗುಂಯ್ ಎಂಬ ಸದ್ದು. ಸ್ವಲ್ಪ ಗಟ್ಟಿಯಾಗಿ ಇಟ್ಟರೆ ಕಿವಿ ಸೀಳುವ ಕೀರಲು. ಮಹೋತ್ಸವದ ಸಂಜೆ ನುಡಿಸುವುದಾಗಿ ಹೆಸರು ಬೇರೆ ಕೊಟ್ಟಿದ್ದಳು. "ಅಜ್ಜ, ಇದು ಬಿಸಾಡಲಿಕ್ಕೇ ಸರಿ" ಎಂದಳು. ನಾಲ್ಕು ಸಾವಿರದ ವಸ್ತುವನ್ನು ಬಿಸಾಡುವ ಸಂಪ್ರದಾಯ ನಮ್ಮ ಮನೆಯಲ್ಲಿಲ್ಲವಾದುದರಿಂದ, ಅವಳನ್ನು ಕರೆದುಕೊಂಡು ಪೇಟೆಗೆ ಹೋದೆ. ಅಲ್ಲಿ ಫ್ಯಾನು, ಮಿಕ್ಸಿ, ಧ್ವನಿವರ್ಧಕಗಳನ್ನು ರಿಪೇರಿ ಮಾಡುವ ಅಂಗಡಿಯೊಂದಿದೆ. ಅದರ ಯಜಮಾನ ನಮ್ಮ ಶಾಲೆಯಲ್ಲಿ ಓದಿದವನು. ಹಲವು ವರ್ಷ ಗಲ್ಫಿನಲ್ಲಿ ಧ್ವನಿವ್ಯವಸ್ಥೆಯ ಕೆಲಸ ಮಾಡಿ ಊರಿಗೆ ಮರಳಿದವನು. ಆ ಅಂಗಡಿಯ ಮೆಟ್ಟಿಲನ್ನು ಹತ್ತಲು ನನಗೆ ಹಿಂಜರಿಕೆಯಿತ್ತು. ಕಾರಣವನ್ನು ಮುಂದೆ ಹೇಳುತ್ತೇನೆ.

ಅವನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ತಂತಿಗಳ ಕೆಳಗಿದ್ದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯೊಂದಕ್ಕೆ ಸ್ಕ್ರೂಡ್ರೈವರಿನ ತುದಿಯನ್ನು ತಾಗಿಸಿದ. ಟಕ್ ಎಂದು ಅಂಟಿಕೊಂಡಿತು. "ಅಯಸ್ಕಾಂತ, ಮಾಷ್ಟ್ರೇ. ಇದಕ್ಕೆ ಪಿಕಪ್ ಅಂತ ಹೆಸರು" ಎಂದ.

ವೀಣೆಗೆ ಕೊಡವಿದೆ, ಸಾಧಾರಣ ಗಿಟಾರಿಗೆ ಟೊಳ್ಳು ಹೊಟ್ಟೆಯಿದೆ; ತಂತಿಯ ಕಂಪನವನ್ನು ಅವು ಗಾಳಿಗೆ ದಾಟಿಸುತ್ತವೆ. ವಿದ್ಯುತ್ ಗಿಟಾರಿನ ಒಡಲು ಹೆಚ್ಚಾಗಿ ಗಟ್ಟಿ ಹಲಗೆ. ಅದರಲ್ಲಿ ಧ್ವನಿಯನ್ನು ಹಿಡಿಯುವುದು ಪಿಕಪ್, ಆದರೆ ಅದು ಮೈಕಿನಂತೆ ಗಾಳಿಯ ಸದ್ದನ್ನು ಕೇಳುವುದಿಲ್ಲ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ. ಏರಿಳಿದ ಹಾಗೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ತಂತಿ ಸೆಕೆಂಡಿಗೆ 110 ಬಾರಿ ಅದುರಿದರೆ ವಿದ್ಯುತ್ತೂ 110 ಬಾರಿ ಅತ್ತಿತ್ತ ಹರಿಯುತ್ತದೆ. ಉಕ್ಕಿನ ಬದಲು ನೈಲಾನ್ ತಂತಿ ಕಟ್ಟಿದರೆ ಪಿಕಪ್ ಮೂಕ. ಇದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯಲ್ಲದೆ ಬೇರೇನೂ ಅಲ್ಲ. ಅದರ ನೂರು ವರ್ಷಗಳ ಬಳಿಕ, 1930ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರಿಗೆ ಇಂತಹ ಪಿಕಪ್ಪನ್ನು ಅಳವಡಿಸಿ ಮಾರಿದರು. ನಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆ ಬೇಕಾದರೆ ಮಾಂಡೊಲಿನ್ ಶ್ರೀನಿವಾಸರನ್ನು ನೆನೆಯಬಹುದು. ಅವರು ಕರ್ನಾಟಕ ಸಂಗೀತವನ್ನು ನುಡಿಸಿದ್ದು ವಿದ್ಯುತ್ ಮಾಂಡೊಲಿನ್ನಿನಲ್ಲಿ.

"ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ಲವೇ ಮಾಷ್ಟ್ರೇ" ಎಂದು ಅವನು ಸಹಜವಾಗಿಯೇ ಹೇಳಿದ. ನಾನು ತಲೆ ತಗ್ಗಿಸಿದೆ.

1984, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷ. ಅವನು ಏಳನೆಯ ತರಗತಿ, ನಾನು ವಿಜ್ಞಾನದ ಅಧ್ಯಾಪಕ. ಒಂದು ದಿನ ಹಲಸಿನ ಹಲಗೆಗೆ ಸೈಕಲ್ ಬ್ರೇಕಿನ ಕೇಬಲಿನ ಒಂದು ಎಳೆಯನ್ನು ಬಿಗಿದು, ಅದರ ಕೆಳಗೆ ಕೆಟ್ಟ ಟ್ರಾನ್ಸಿಸ್ಟರಿನಿಂದ ಬಿಚ್ಚಿದ ತಾಮ್ರದ ತಂತಿಯ ಸುರುಳಿಯೊಂದನ್ನು ಅಂಟಿಸಿ ತಂದಿದ್ದ. ಸುರುಳಿಯ ನಡುವೆ ಬಟ್ಟೆಯ ಟೇಪು ಸುತ್ತಿದ ಏನೋ ಒಂದು ಕಪ್ಪು ತುಂಡು. ರೇಡಿಯೋಗೆ ಜೋಡಿಸಿದರೆ ಹಾಡುತ್ತದೆ ಎಂದು ಹುಡುಗರಿಗೆ ಹೇಳುತ್ತಿದ್ದ. ಅದೇ ವಾರ ನಮ್ಮ ಪ್ರಯೋಗ ಸಾಮಗ್ರಿಗಳಲ್ಲಿ ಎರಡು ದಂಡಕಾಂತಗಳ ಪೈಕಿ ಒಂದು ಕಾಣೆಯಾಗಿತ್ತು. ನಾನು ಟೇಪನ್ನು ಬಿಚ್ಚಿ ನೋಡಲಿಲ್ಲ. ಕೇಳಿದೆ, ಇಲ್ಲವೆಂದ, ಬೆತ್ತ ತೆಗೆದೆ. ಹಲಗೆಯನ್ನು ಕಸಿದು ಬೀರುವಿನೊಳಗೆ ಹಾಕಿ ಬೀಗ ಜಡಿದೆ. ಆ ವರ್ಷದ ಪಾಠಗಳಲ್ಲಿ ಅಯಸ್ಕಾಂತವೂ ಒಂದೆಂಬುದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಇರಲಿ, ಗಿಟಾರಿಗೆ ಬರೋಣ. ಎಲ್ಲರೂ ಬಯಸುವುದು ಬೆಲೆಬಾಳುವ ಪಿಕಪ್ಪನ್ನು ಹಾಕಿಸಲು. ಅವನ ಮಾತು ಬೇರೆಯಾಗಿತ್ತು: "ಪಿಕಪ್ ತಂತಿ ಮಾಡಿದ್ದನ್ನೇ ಹೇಳುತ್ತದೆ. ತಂತಿ ಸುಳ್ಳು ಹೇಳಿದರೆ ಒಳ್ಳೆಯ ಪಿಕಪ್ ಆ ಸುಳ್ಳನ್ನು ಇನ್ನೂ ಸ್ಪಷ್ಟವಾಗಿ ಸಾರುತ್ತದೆ." ಆದುದರಿಂದ ಮೊದಲು ತಂತಿಯನ್ನು ಹಿಡಿದಿಡುವ ಭಾಗಗಳು, ಆಮೇಲೆ ಪಿಕಪ್.

ಶ್ರುತಿ ಇಳಿದರೆ ನಾವು ಬಿರಡೆಗಳನ್ನು ದೂರುತ್ತೇವೆ. ಆದರೆ ಎಷ್ಟೋ ಸಲ ತಪ್ಪು ಇರುವುದು ತಲೆಯ ಬುಡದಲ್ಲಿರುವ, ತಂತಿಗಳು ಹಾದುಹೋಗುವ ಗೀರುಗಳುಳ್ಳ ಬಿಳಿ ಪಟ್ಟಿಯಲ್ಲಿ. ಅದಕ್ಕೆ ನಟ್ ಎನ್ನುತ್ತಾರೆ. ಗೀರು ಇಕ್ಕಟ್ಟಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಂಡು, ಬಿರಡೆ ತಿರುಗಿಸಿದಾಗ ಟಿಣ್ ಎಂದು ಜಿಗಿಯುತ್ತದೆ. ಆ ಸದ್ದು ಕೇಳಿದರೆ ಹೊಸ ಬಿರಡೆ ತರಿಸುವ ಮೊದಲು ಗೀರಿಗೆ ಪೆನ್ಸಿಲಿನ ಮೊನೆಯನ್ನು ಉಜ್ಜಿ ನೋಡಬೇಕು. ಸೀಸದಕಡ್ಡಿಯ ಗ್ರಾಫೈಟು ಜಾರುಪುಡಿಯಾಗಿ ಕೆಲಸ ಮಾಡುತ್ತದೆ. ಮೊಮ್ಮಗಳ ಗಿಟಾರಿನಲ್ಲಿ ಮುಕ್ಕಾಲು ರೋಗ ಅಷ್ಟಕ್ಕೇ ವಾಸಿಯಾಯಿತು. ಒಂದು ಬಿರಡೆಯ ಹಲ್ಲುಗಳು ಮಾತ್ರ ನಿಜವಾಗಿ ಸವೆದಿದ್ದವು. ಒಂದನ್ನೇ ಬದಲಿಸಿದರೆ ಅಂದ ಕೆಡುತ್ತದೆಂದು ಅವಳು ಆರನ್ನೂ ಬದಲಿಸಿದಳು. ಹೊಸ ಬಿರಡೆಯಲ್ಲಿ ಹಿಡಿಯನ್ನು ಹದಿನೆಂಟು ಸುತ್ತು ತಿರುಗಿಸಿದರೆ ಗೂಟ ಒಂದು ಸುತ್ತು ತಿರುಗುತ್ತದೆ. ಈ ಸಂಖ್ಯೆ ಹೆಚ್ಚಿದಷ್ಟೂ ಶ್ರುತಿಯನ್ನು ನಯವಾಗಿ ಕೂಡಿಸಬಹುದು.

ಇನ್ನು ಇನ್ನೊಂದು ತುದಿಯ ಕುದುರೆ, ಅಂದರೆ ಬ್ರಿಜ್. ಪ್ರತಿ ತಂತಿಗೂ ಅಲ್ಲಿ ಹಿಂದೆ ಮುಂದೆ ಸರಿಸಬಹುದಾದ ಪುಟ್ಟ ಪೀಠವಿದೆ. ಈ ಗಿಟಾರಿನ ತಂತಿಯ ಉದ್ದದ ಅಳತೆ 648 ಮಿಲಿಮೀಟರ್. ನಟ್ಟಿನಿಂದ ಅದರ ಅರ್ಧಕ್ಕೆ, 324 ಮಿಲಿಮೀಟರಿಗೆ, ಹನ್ನೆರಡನೆಯ ಮೆಟ್ಟು. ಅಲ್ಲಿ ಒತ್ತಿದರೆ ಬಿಡಿ ತಂತಿಯ ಷಡ್ಜವೇ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಅದು ಏರಿ ಕೇಳಿಸಿದರೆ ಪೀಠವನ್ನು ಹಿಂದಕ್ಕೆ, ಇಳಿದು ಕೇಳಿಸಿದರೆ ಮುಂದಕ್ಕೆ ಸರಿಸಬೇಕು. ಒತ್ತಿದಾಗ ತಂತಿಯ ಬಿಗಿ ಸ್ವಲ್ಪ ಹೆಚ್ಚುವುದರಿಂದ, ಲೆಕ್ಕದ ಅಳತೆಗಿಂತ ತುಸು ಹೆಚ್ಚು ಉದ್ದವನ್ನು ಕೊಡಲೇಬೇಕಾಗುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಈ ಪೀಠಗಳ ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಒಂದು ತೊಟ್ಟು ಹೊಲಿಗೆಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವ ತಾಳ್ಮೆಯಿಲ್ಲದವರು ತಿರುಪಿನ ತಲೆಯನ್ನೇ ಕೆಡಿಸುತ್ತಾರೆ. ಹೊಸ ಬ್ರಿಜ್ ಕೊಳ್ಳುವವರು ಮೊದಲ ಮತ್ತು ಆರನೆಯ ತಂತಿಗಳ ನಡುವಿನ ಅಂತರವನ್ನೂ ತಿರುಪಿನ ತೂತುಗಳ ಅಂತರವನ್ನೂ ಅಳೆದುಕೊಂಡೇ ಹೋಗಬೇಕು. ಅಗ್ಗದ ಗಿಟಾರುಗಳ ಅಳತೆ ಒಂದರಂತೆ ಇನ್ನೊಂದಿರುವುದಿಲ್ಲ.

ಆಮೇಲೆ ಪಿಕಪ್. ಇಲ್ಲಿಯೂ ಖರ್ಚಿಲ್ಲದ ಕೆಲಸ ಮೊದಲು. ಪಿಕಪ್ಪಿನ ಎರಡು ಬದಿಯ ತಿರುಪುಗಳಿಂದ ಅದನ್ನು ಏರಿಸಿ ಇಳಿಸಬಹುದು. ಕೊನೆಯ ಮೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ಎರಡು ಮೂರು ಮಿಲಿಮೀಟರ್ ಅಂತರವಿದ್ದರೆ ಸಾಕು. ತೀರ ಹತ್ತಿರ ತಂದರೆ ಸದ್ದು ದೊಡ್ಡದಾಗುತ್ತದೆ, ಆದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರವನ್ನು ಕೆಡಿಸುತ್ತದೆ.

ಗುಂಯ್ ಎಂಬ ಸದ್ದಿಗೆ ಕಾರಣ ನಮ್ಮ ಮನೆಯ 50 ಹರ್ಟ್ಸಿನ ವಿದ್ಯುತ್ತು. ಸಾವಿರಾರು ಸುತ್ತಿನ ಸುರುಳಿ ಗೋಡೆಯೊಳಗಿನ ವಯರುಗಳನ್ನೂ ಟ್ಯೂಬ್‌ಲೈಟನ್ನೂ ಆಂಟೆನಾದಂತೆ ಆಲಿಸುತ್ತದೆ. ಅವನು ಹಲಗೆಯ ಗುಳಿಯ ಒಳಮೈಗೆಲ್ಲ ತೆಳುವಾದ ತಾಮ್ರದ ಹಾಳೆಯನ್ನು ಅಂಟಿಸಿ ಅದನ್ನು ನೆಲದ ವಯರಿಗೆ ಬೆಸೆದ. ಬ್ರಿಜ್ಜಿನ ಅಡಿಯಲ್ಲಿ ತುಂಡಾಗಿದ್ದ ವಯರನ್ನೂ ಕೂಡಿಸಿದ. ಇಲ್ಲಿ ಒಂದು ಎಚ್ಚರಿಕೆ. ಈ ವಯರಿನ ಮೂಲಕ ನುಡಿಸುವವರ ಬೆರಳಿಗೂ ಆಂಪ್ಲಿಫಯರಿನ ಲೋಹದ ಮೈಗೂ ಸಂಬಂಧ ಉಂಟಾಗುತ್ತದೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಹಿಂದೆ ಅರ್ತಿಂಗ್ ಇರುವುದಿಲ್ಲ. ಗಿಟಾರಿಗೆ ಕೈಹಾಕುವ ಮುನ್ನ ಮನೆಯ ಅರ್ತಿಂಗನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಬೇಕು. ಹೆತ್ತವರು ಈ ಒಂದು ವಾಕ್ಯವನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ.

ಇಷ್ಟಾದರೂ ಉಳಿಯುವ ಸದ್ದಿಗೆ ಜಾಣ ಪರಿಹಾರವೊಂದಿದೆ. ಗಿಬ್ಸನ್ ಕಂಪೆನಿಯ ಸೆತ್ ಲವರ್ 1955ರಲ್ಲಿ ಅದಕ್ಕೆ ಪೇಟೆಂಟ್ ಕೋರಿದರು. ಎರಡು ಸುರುಳಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ಉತ್ತರ ಧ್ರುವ ಮೇಲೆ, ಇನ್ನೊಂದರಲ್ಲಿ ದಕ್ಷಿಣ ಧ್ರುವ ಮೇಲೆ, ಜೋಡಣೆಯೂ ತಿರುವುಮುರುವು. ಹೊರಗಿನ ಸದ್ದು ಎರಡರಲ್ಲಿಯೂ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ನಾದವಾದರೋ ಎರಡು ಸಲ ತಿರುವು ಪಡೆದು ಮತ್ತೆ ಕೂಡುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ಕಲಿಸಿದ್ದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಇದೇ ಹಂಬಕರ್. ನಾವು ಬ್ರಿಜ್ಜಿನ ಬದಿಯ ಪಿಕಪ್ಪನ್ನು ಮಾತ್ರ ತೆಗೆದು, ಅದೇ ಗುಳಿಗೆ ಹೊಂದುವ ಸಣ್ಣ ಗಾತ್ರದ ಹಂಬಕರನ್ನು ಕೂಡಿಸಿದೆವು. ವಾಲ್ಯೂಮಿನ ಕಂಟ್ರೋಲ್ ಒಂಟಿ ಸುರುಳಿಗೆ ಸಾಮಾನ್ಯವಾಗಿ 250 ಕಿಲೊ ಓಮ್, ಹಂಬಕರಿಗೆ 500. ಹಳೆಯದನ್ನೇ ಉಳಿಸಿದರೆ ಕೆಡುವುದೇನಿಲ್ಲ, ನಾದ ತುಸು ಮಂಕಾಗುತ್ತದೆ ಅಷ್ಟೆ.

ಕೀರಲಿಗೆ ಕಾರಣ ಬೇರೆ. ಸುರುಳಿಯ ಸುತ್ತುಗಳು ಸಡಿಲವಿದ್ದರೆ ದೊಡ್ಡ ಸದ್ದಿಗೆ ಅವೇ ಅದುರಿ ಸುರುಳಿಯೇ ಮೈಕಾಗಿಬಿಡುತ್ತದೆ. ಉಳಿದೆರಡು ಹಳೆಯ ಪಿಕಪ್ಪುಗಳನ್ನು ಅವನು ಕರಗಿದ ಮೇಣದಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವ ತನಕ ಇಟ್ಟು ತೆಗೆದ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಬೇಕು. 65 ಡಿಗ್ರಿಯ ಆಸುಪಾಸು ಸಾಕು. ಮೀರಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಮೇಣಕ್ಕೆ ಬೆಂಕಿ ಹತ್ತುವ ಭಯವೂ ಇದೆ.

ಕೆಲಸದ ನಡುವೆ ಮೊಮ್ಮಗಳು ಇಂಗ್ಲೆಂಡಿನ ಬ್ರಯಾನ್ ಮೇ ಎಂಬ ಗಿಟಾರ್ ವಾದಕನ ಕತೆಯನ್ನು ಹೇಳಿದಳು. 1947ರಲ್ಲಿ ಹುಟ್ಟಿದವರು, ಹೆಚ್ಚುಕಡಿಮೆ ನನ್ನ ಓರಗೆ. ಒಳ್ಳೆಯ ಗಿಟಾರ್ ಕೊಳ್ಳುವ ಅನುಕೂಲವಿಲ್ಲದೆ 1963ರ ಆಗಸ್ಟಿನಲ್ಲಿ, ಹದಿನಾರರ ವಯಸ್ಸಿನಲ್ಲಿ, ಎಲೆಕ್ಟ್ರಾನಿಕ್ಸ್ ಬಲ್ಲ ತಂದೆಯ ಜತೆ ಕುಳಿತು ತಾವೇ ಒಂದನ್ನು ಮಾಡತೊಡಗಿದರಂತೆ. ಕತ್ತು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ; ಹುಳು ತಿಂದ ತೂತುಗಳಿಗೆ ಬೆಂಕಿಕಡ್ಡಿಯ ತುಂಡು. ತಂತಿಯ ಬಿಗಿಯನ್ನು ತೂಗಿಸುವ ಸ್ಪ್ರಿಂಗುಗಳು ಹಳೆಯ ಮೋಟಾರ್ ಸೈಕಲಿನವು. ಮೆಟ್ಟುಗಳ ಗುರುತಿಗೆ ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನಚಿಪ್ಪಿನ ಗುಂಡಿ. ಪಿಕಪ್ಪುಗಳನ್ನೂ ಮೊದಲು ಕೈಯಲ್ಲೇ ಸುತ್ತಿದರು. ತಂತಿಯನ್ನು ಪಕ್ಕಕ್ಕೆ ಬಾಗಿಸಿದಾಗ ಬೇಡದ ಸದ್ದು ಬಂದುದರಿಂದ ಅವನ್ನು ತೆಗೆದು, ಬರ್ನ್ಸ್ ಕಂಪೆನಿಯ ಮೂರು ಪಿಕಪ್ಪುಗಳನ್ನು ಕೊಂಡು, ಸುರುಳಿ ಅದುರದಂತೆ ಒಳಗೆ ಅರಾಲ್ಡೈಟ್ ತುಂಬಿದರು. ಕ್ವೀನ್ ವಾದ್ಯವೃಂದದ ಜಗತ್ಪ್ರಸಿದ್ಧ ನಾದ ಆ ಮರದ ತುಂಡಿನದು. 2002ರಲ್ಲಿ ಎಲಿಜಬೆತ್ ರಾಣಿಯ ಸುವರ್ಣ ಮಹೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಮಾಡಿನ ಮೇಲೆ ನಿಂತು ನುಡಿಸಿದ್ದೂ ಅದನ್ನೇ.

ಬೆಸುಗೆ ಹಾಕುತ್ತಿದ್ದವನು ತಲೆಯೆತ್ತದೆ ಕೇಳಿಸಿಕೊಂಡ. ಆಗ ನಾನು ಹೇಳಬೇಕಾದುದನ್ನು ಹೇಳಿದೆ. 1986ರ ಬೇಸಗೆ ರಜೆಯಲ್ಲಿ ಸುಣ್ಣ ಬಳಿಯಲೆಂದು ಕಬ್ಬಿಣದ ಬೀರುವನ್ನು ಸರಿಸಿದಾಗ, ಆ ದಂಡಕಾಂತ ಬೀರುವಿನ ಅಡಿಯಲ್ಲಿ ಅಂಟಿಕೊಂಡಿತ್ತು. ಅವನು ಅಷ್ಟರಲ್ಲಿ ನಮ್ಮ ಶಾಲೆಯನ್ನು ಬಿಟ್ಟಿದ್ದ. ದಾಸ್ತಾನು ಪುಸ್ತಕದಲ್ಲಿ ಲೆಕ್ಕವನ್ನು ಸರಿಪಡಿಸಿದೆ. ಅವನ ಮನೆಗೆ ಹೋಗಲಿಲ್ಲ. ಆಗಲೂ ಹೋಗಲಿಲ್ಲ, ಆಮೇಲೆಯೂ ಹೋಗಲಿಲ್ಲ.

"ಅದು ಒಡೆದ ಸ್ಪೀಕರಿನ ತುಂಡು, ಮಾಷ್ಟ್ರೇ" ಎಂದ ಅವನು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಆ ಹಲಗೆ ಏನಾಯಿತು?" ಹಳೆಯ ಹಾಜರಿ ಪುಸ್ತಕಗಳೊಂದಿಗೆ ಗೆದ್ದಲು ತಿಂದಿತು ಎಂದೆ. ಅವನು ಮತ್ತೇನೂ ಹೇಳದೆ ಕೆಲಸ ಮುಂದುವರಿಸಿದ. ಗಿಟಾರನ್ನು ಶ್ರುತಿ ಮಾಡಿ ಮೊಮ್ಮಗಳ ಕೈಗೆ ಕೊಟ್ಟು, ಸಾಮಾನಿನ ಬೆಲೆಯನ್ನು ಮಾತ್ರ ತೆಗೆದುಕೊಂಡ.

ಹದಿನೈದು ದಿನಗಳ ಬಳಿಕ ಮನೆಗೆ ಬಂದ. ಕೈಯಲ್ಲಿ ಹಲಸಿನ ಹೊಸ ಹಲಗೆ, ಅದಕ್ಕೆ ಒಂದು ಉಕ್ಕಿನ ತಂತಿ, ಕೆಳಗೆ ಸುರುಳಿ. ನಡುವೆ ಅಯಸ್ಕಾಂತ ಕೂಡಿಸುವ ಜಾಗವನ್ನು ಖಾಲಿ ಬಿಟ್ಟಿದ್ದ. ಮಹೋತ್ಸವದ ಮೂರು ದಿನವೂ ಅದು ವಿಜ್ಞಾನದ ಕೊಠಡಿಯಲ್ಲಿ, ಹೆಡ್‌ಮಾಷ್ಟ್ರ ಅನುಮತಿಯಂತೆ, ಶಾಲೆಯ ಆ ಹಳೆಯ ದಂಡಕಾಂತದ ಜತೆಗೆ ಇರುತ್ತದೆ. ಅಯಸ್ಕಾಂತವನ್ನು ಇಟ್ಟು ಒಮ್ಮೆ, ತೆಗೆದು ಒಮ್ಮೆ ಮೀಟಿ ನೋಡಬಹುದು. ಬಾಗಿಲ ಬಳಿ ನಾನೇ ಕುಳಿತಿರುತ್ತೇನೆ.