ಹಣೆಬರಹ ಅನ್ನಬೇಡಿ

ರಸ್ತೆಯಲ್ಲಿ ಯಾರಾದರೂ ತೀರಿಕೊಂಡರೆ ನಮ್ಮ ಉಟಗಿ, ಜತ್ತ ಕಡೆ ‘ಹಣೆಬರಹ’ ಎಂದು ಸುಮ್ಮನಾಗುವುದುಂಟು. ಹಾಗನ್ನಬೇಡ್ರಪ್ಪಾ. ಹೋದವರನ್ನು ಮರೆಯುವುದು ಅಲ್ಲಿಂದಲೇ ಶುರು. ನವೆಂಬರ್ ಮೂರನೇ ಭಾನುವಾರವನ್ನು ವಿಶ್ವಸಂಸ್ಥೆ 2005ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರ ಸ್ಮರಣೆಗೆ ಮೀಸಲಿಟ್ಟಿದೆ. ನಮ್ಮಲ್ಲಿ ಅದು ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುವ ಕಾಲ. ಅದರ ಬೆನ್ನಿಗೇ ಛಟ್ಟಿ ಅಮಾವಾಸ್ಯೆ, ಗುಡ್ಡಾಪುರದ ದಾನಮ್ಮ ದೇವಿಯ ಗುಡಿಗೆ ಪಾದಯಾತ್ರೆ. ಆ ಭಾನುವಾರ ನಿಮ್ಮೂರಿನಲ್ಲಿ ಅಪಘಾತದಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗೆ ಹೋಗಿ, ಹೋದವರ ಹೆಸರು ಹಿಡಿದು ನಾಲ್ಕು ಮಾತಾಡಿ.

ಇನ್ನೊಬ್ಬರು ಹಾಗೆ ಹೋಗದಂತೆ, ಕಬ್ಬಿನ ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಜೋತುಬಿದ್ದ ಕಬ್ಬಿನ ರವದಿ ಅದನ್ನು ಮುಚ್ಚಿದರೆ ಇದ್ದೂ ಇಲ್ಲದಂತೆ, ಹೊರಡುವ ಮುನ್ನ ಒಮ್ಮೆ ಹಿಂದೆ ಹೋಗಿ ನೋಡಿ. ಪಾದಯಾತ್ರಿಗಳೇ, ಎದುರಿನ ವಾಹನ ಕಾಣುವಂತೆ ಬಲಬದಿ ನಡೆಯಿರಿ, ಕೈಯಲ್ಲಿ ಬ್ಯಾಟರಿ ಇರಲಿ.

ಬಿದ್ದವರನ್ನು ಕಂಡರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಬೇಡಿ, 108ಕ್ಕೆ ಫೋನ್ ಮಾಡಿ. ಪೊಲೀಸರ ಭಯ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ಸುಖವಾಗಿ ಊರು ಮುಟ್ಟಿದಾಗ ದೇವರಿಗೆ ಕೈಮುಗಿಯುತ್ತೀರಿ, ಒಳ್ಳೆಯದೇ. ಇಳಿಯುವಾಗ ಎಸ್‌ಟಿ ಬಸ್ಸಿನ ಡ್ರೈವರ್‌ಗೂ ‘ಚಲೋ ತಂದು ಮುಟ್ಟಿಸಿದ್ರಿ ಅಣ್ಣಾ’ ಅನ್ನಿ.